ಹತ್ತು ವರ್ಷ ಏಟು ತಿನ್ನದವನು

(ಕೋಲಾರದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನ ಕ್ರೀಡಾಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಾಕ್ಸಿಂಗ್ ಬಗ್ಗೆ ಮಾತಾಡಬೇಕು ಎಂದು ಕರೆದಾಗ, ನಾನು ಮುಹಮ್ಮದ್ ಅಲಿ ಬಗ್ಗೆಯೋ ಮೇರಿ ಕೋಮ್ ಬಗ್ಗೆಯೋ ಮಾತಾಡುತ್ತೇನೆ ಅಂತ ಇಲ್ಲಿನವರು ಅಂದುಕೊಂಡಿದ್ದರು. ನಾನು ಆರಿಸಿಕೊಂಡದ್ದು ಅಲಿ ಕೈಯಲ್ಲಿ ಸೋತವನನ್ನು. ಹೆಸರು ಜಾರ್ಜ್ ಫೋರ್ಮನ್. 2025ರ ಮಾರ್ಚ್ 21ರಂದು, 76ನೇ ವಯಸ್ಸಿನಲ್ಲಿ ತೀರಿಕೊಂಡ. ಆ ದಿನ ಸುದ್ದಿ ಬರೆದವರಲ್ಲಿ ಹೆಚ್ಚಿನವರು ಮೊದಲ ಸಾಲಿನಲ್ಲೇ ಅಲಿಯನ್ನು ತಂದರು. ಪಾಪ, ಸತ್ತ ದಿನವೂ ಅವನಿಗೆ ಅಲಿ ಕಾಟ ತಪ್ಪಲಿಲ್ಲ.

ಲೆಕ್ಕ ಮೊದಲು ಹೇಳಿಬಿಡುತ್ತೇನೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ 81 ಪಂದ್ಯ. 76 ಗೆಲುವು. ಅದರಲ್ಲಿ 68 ನಾಕೌಟ್, ಅಂದರೆ ಎದುರಾಳಿ ಮುಂದೆ ಆಡಲಾಗದ ಹಾಗೆ ಮಾಡಿ ಗೆದ್ದದ್ದು. ಸೋತದ್ದು 5. ಹೆವಿವೇಟ್ ವಿಶ್ವ ಚಾಂಪಿಯನ್ ಆದದ್ದು ಎರಡು ಸಲ, 24ನೇ ವಯಸ್ಸಿನಲ್ಲಿ ಒಂದು ಸಲ, 45ನೇ ವಯಸ್ಸಿನಲ್ಲಿ ಇನ್ನೊಂದು ಸಲ. ಇವೆರಡರ ನಡುವೆ ಹತ್ತು ವರ್ಷ ಅವನು ರಿಂಗ್ ಕಡೆ ತಲೆ ಹಾಕಲಿಲ್ಲ. ನನಗೆ ಮುಖ್ಯ ಅನ್ನಿಸುವುದು ಆ ಹತ್ತು ವರ್ಷ. ಅಲ್ಲಿಗೆ ಹೋಗುವ ಮುಂಚೆ ಹುಡುಗ ಎಂಥವನು ಅಂತ ಸ್ವಲ್ಪ ನೋಡೋಣ.

ಹುಟ್ಟಿದ್ದು 1949ರ ಜನವರಿ 10, ಅಮೆರಿಕದ ಟೆಕ್ಸಾಸ್ ರಾಜ್ಯದ ಮಾರ್ಷಲ್ ಎಂಬ ಊರಲ್ಲಿ. ಬೆಳೆದದ್ದು ಹ್ಯೂಸ್ಟನ್ ನಗರದ ಫಿಫ್ತ್ ವಾರ್ಡ್ ಅನ್ನೋ ಬಡ ಕರಿಯರ ಕೇರಿಯಲ್ಲಿ. ಮನೆ ತುಂಬ ಮಕ್ಕಳು, ಒಟ್ಟು ಏಳು. ಅಮ್ಮ ದುಡಿದು ತಂದದ್ದೇ ಊಟ. ಹುಡುಗನೋ ಆಳೆತ್ತರ, ಹಸಿವೂ ಅಷ್ಟೇ. ಅವನೇ ಮುಂದೆ ಹೇಳಿಕೊಂಡ ಒಂದು ವಿಷಯ ಇದೆ. ಶಾಲೆಗೆ ಹೋಗುವಾಗ ಖಾಲಿ ಕಾಗದದ ಚೀಲ ಹಿಡಿದುಕೊಂಡು ಹೋಗುತ್ತಿದ್ದನಂತೆ. ಅದಕ್ಕೆ ಗಾಳಿ ಊದಿ ಉಬ್ಬಿಸಿ, ಒಳಗೆ ಬುತ್ತಿ ಇದೆ ಅಂತ ಬೇರೆ ಮಕ್ಕಳು ನಂಬುವ ಹಾಗೆ ಮಾಡುತ್ತಿದ್ದ. ಹಸಿವಿಗಿಂತ ಹಸಿದಿದ್ದೇನೆ ಅಂತ ಗೊತ್ತಾಗೋ ನಾಚಿಕೆ ದೊಡ್ಡದು. ಇದನ್ನು ಇಲ್ಲಿ ಕೂತಿರುವ ಕೆಲವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಶಾಲೆ ಅರ್ಧಕ್ಕೇ ಬಿಟ್ಟ. ಬೀದಿಯಲ್ಲಿ ಹೊಡೆದಾಟ, ಆಮೇಲೆ ದಾರಿಹೋಕರನ್ನು ಅಡ್ಡಗಟ್ಟಿ ದುಡ್ಡು ಕಿತ್ತುಕೊಳ್ಳುವ ಮಟ್ಟಕ್ಕೆ ಹೋದ. ಒಂದು ರಾತ್ರಿ ಹೀಗೇ ಕಿತ್ತುಕೊಂಡು ಓಡಿ, ಯಾರದೋ ಮನೆಯ ಅಡಿ ನುಗ್ಗಿ ಬಚ್ಚಿಟ್ಟುಕೊಂಡ. ಅಲ್ಲಿನ ಮರದ ಮನೆಗಳು ನೆಲದಿಂದ ಸ್ವಲ್ಪ ಮೇಲೆ ಕಟ್ಟಿರುತ್ತವೆ, ಕೆಳಗೆ ಒಬ್ಬ ತೂರಿಕೊಳ್ಳುವಷ್ಟು ಜಾಗ. ಪೊಲೀಸ್ ನಾಯಿಗಳು ವಾಸನೆ ಹಿಡಿದು ಬರುತ್ತವೆ ಎಂದು ಹೆದರಿ, ಅಲ್ಲಿದ್ದ ಕೊಳಚೆ ಕೆಸರನ್ನು ಮೈತುಂಬಾ ಬಳಿದುಕೊಂಡು ಮಲಗಿದನಂತೆ. ಆಗ ಹೊಳೆಯಿತಂತೆ, ನಾನು ಕಳ್ಳ ಆಗಿಬಿಟ್ಟಿದ್ದೇನೆ ಅಂತ. ಅಲ್ಲಿವರೆಗೂ ತನ್ನನ್ನು ತಾನು ಕಳ್ಳ ಅಂತ ಅವನು ಅಂದುಕೊಂಡಿರಲೇ ಇಲ್ಲ! ಸುಮ್ನೆ ದುಡ್ಡು ತಗೋತಾ ಇದ್ದೆ, ಅಷ್ಟೇ ಅನ್ನೋ ಭಾವನೆ.

ಆ ಹೊತ್ತಿಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸರ್ಕಾರ ಜಾಬ್ ಕೋರ್ ಎಂಬ ಯೋಜನೆ ತಂದಿತ್ತು. ಶುರುವಾದದ್ದು 1964ರಲ್ಲಿ. ಓದು ಬಿಟ್ಟ ಬಡ ಹುಡುಗರಿಗೆ ಕೈಕೆಲಸ ಕಲಿಸುವ ಯೋಜನೆ, ನಮ್ಮ ಐಟಿಐ ಥರ, ಊಟ ವಸತಿಯೂ ಅಲ್ಲೇ. ಟಿವಿ ಜಾಹೀರಾತಿನಲ್ಲಿ ಒಬ್ಬ ಹೆಸರಾಂತ ಫುಟ್‌ಬಾಲ್ ಆಟಗಾರ ಬಂದು ಸೇರಿಕೊಳ್ಳಿ ಅಂದದ್ದನ್ನು ನೋಡಿ ಇವನು ಸೇರಿಕೊಂಡ. ದಿನಕ್ಕೆ ಮೂರು ಹೊತ್ತು ಊಟ. ಅಷ್ಟರಲ್ಲೇ ಅರ್ಧ ಜೀವನ ಸರಿಹೋಯಿತು ಅನ್ನಬಹುದು. ಇನ್ನರ್ಧ ಸರಿಮಾಡಿದವರು ಕ್ಯಾಲಿಫೋರ್ನಿಯಾದ ಕೇಂದ್ರದಲ್ಲಿದ್ದ ಡಾಕ್ ಬ್ರಾಡಸ್ ಎಂಬ ತರಬೇತುದಾರರು. ಸಿಕ್ಕಸಿಕ್ಕವರ ಜೊತೆ ಜಗಳ ಕಾಯುತ್ತಿದ್ದ ಈ ದಾಂಡಿಗನನ್ನು ನೋಡಿ, ಹೊಡೆಯೋ ಆಸೆ ಇದ್ದರೆ ಗ್ಲೌಸ್ ಹಾಕ್ಕೊಂಡು ಹೊಡಿ ಅಂದರು.

ಅದಾಗಿ ಎರಡು ವರ್ಷ ಆಯಿತೋ ಇಲ್ಲವೋ, ಹುಡುಗ ಒಲಿಂಪಿಕ್ಸ್‌ನಲ್ಲಿದ್ದ. 1968, ಮೆಕ್ಸಿಕೋ. ಫೈನಲ್‌ನಲ್ಲಿ ಎದುರಿಗಿದ್ದವನು ಸೋವಿಯತ್ ತಂಡದ ಯೋನಾಸ್ ಚೆಪುಲಿಸ್. ಎರಡನೇ ರೌಂಡ್‌ನಲ್ಲೇ ರೆಫರಿ ಪಂದ್ಯ ನಿಲ್ಲಿಸಿದರು. 19ರ ಹುಡುಗನಿಗೆ ಚಿನ್ನ.

ಗೆದ್ದ ಮೇಲೆ ಫೋರ್ಮನ್ ಪುಟ್ಟದೊಂದು ಅಮೆರಿಕದ ಬಾವುಟ ಹಿಡಿದು ರಿಂಗ್ ಸುತ್ತಲೂ ತೋರಿಸಿದ, ನಾಲ್ಕೂ ಕಡೆ ತಲೆಬಾಗಿದ. ಇದರಲ್ಲಿ ಏನಿದೆ ಅನ್ನಬಹುದು. ಅದಕ್ಕೆ ಹತ್ತೇ ದಿನ ಮುಂಚೆ ಅದೇ ಒಲಿಂಪಿಕ್ಸ್‌ನಲ್ಲಿ ಓಟಗಾರರಾದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಪದಕದ ವೇದಿಕೆ ಮೇಲೆ ಕಪ್ಪು ಗ್ಲೌಸ್ ಹಾಕಿದ ಮುಷ್ಟಿ ಎತ್ತಿ ನಿಂತಿದ್ದರು. ಕರಿಯರ ಮೇಲಿನ ಅನ್ಯಾಯದ ವಿರುದ್ಧ ಪ್ರತಿಭಟನೆ. ಇಬ್ಬರನ್ನೂ ತಂಡದಿಂದ ಮನೆಗೆ ಕಳಿಸಿದ್ದರು. ಹಾಗಿರುವಾಗ ಇವನು ಬಾವುಟ ಆಡಿಸಿದ. ಊರಿಗೆ ಹೋದಾಗ ಅವನ ಕೇರಿಯವರೇ ಕೆಲವರು ಮುಖ ಸಿಂಡರಿಸಿದರು, ಬಿಳಿಯರ ಬಾಲಂಗೋಚಿ ಅನ್ನೋ ಥರ ನೋಡಿದರು. ಅವನಿಗೆ ನಿಜಕ್ಕೂ ಅದರ ರಾಜಕೀಯ ಹೊಳೆದಿರಲಿಲ್ಲ ಅಂತಲೇ ನನ್ನ ಅನಿಸಿಕೆ. ಊಟ ಹಾಕಿದ ಸರ್ಕಾರ, ಕೈಹಿಡಿದು ಮೇಲೆತ್ತಿದ ಯೋಜನೆ, ಅದರ ಬಾವುಟ. ಸ್ಮಿತ್ ಮತ್ತು ಕಾರ್ಲೋಸ್ ಮಾಡಿದ್ದು ಸರಿ. ಈ ಹುಡುಗನ ಖುಷಿಯನ್ನು ತಪ್ಪು ಅನ್ನೋಕೂ ನನಗೆ ಮನಸ್ಸು ಬರಲ್ಲ.

ಆದರೆ ಆ ತಿರಸ್ಕಾರ ಅವನನ್ನು ಗಂಟುಮುಖದವನನ್ನಾಗಿ ಮಾಡಿತು. ವೃತ್ತಿಪರನಾದ ಮೇಲೆ ಅವನು ಅಭ್ಯಾಸ ಮಾಡಿದ್ದು ಮಾಜಿ ಚಾಂಪಿಯನ್ ಸನ್ನಿ ಲಿಸ್ಟನ್ ಜೊತೆ. ಲಿಸ್ಟನ್ ನಗುವುದೇ ಗೊತ್ತಿಲ್ಲದ ಮನುಷ್ಯ. ಗುದ್ದುವುದನ್ನು ಕಲಿತ ಹಾಗೆ ಮುಖ ಗಂಟು ಹಾಕುವುದನ್ನೂ ಫೋರ್ಮನ್ ಅವನಿಂದಲೇ ಕಲಿತ. ಪತ್ರಕರ್ತರು ಬಂದರೆ ಒಂದು ಮಾತಿಗೆ ಒಂದು ಮಾತು. ಯಾರಾದರೂ ಆಟೋಗ್ರಾಫ್ ಕೇಳಿದರೆ ಗುರ್ ಅಂತ ನೋಡುವುದು.

1973ರ ಜನವರಿ 22ರಂದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ವಿಶ್ವ ಚಾಂಪಿಯನ್ ಜೋ ಫ್ರೇಜಿಯರ್ ಜೊತೆ ಪಂದ್ಯ. ಫ್ರೇಜಿಯರ್ ಅಂದರೆ ಅಲಿಯನ್ನೇ ಸೋಲಿಸಿದವನು, ಅಲ್ಲಿವರೆಗೆ ಸೋಲೇ ಕಾಣದವನು. ಎಲ್ಲರೂ ಫ್ರೇಜಿಯರ್ ಗೆಲ್ಲುತ್ತಾನೆ ಅಂತಲೇ ಅಂದುಕೊಂಡಿದ್ದರು. ಎರಡೇ ರೌಂಡ್‌ಗಳಲ್ಲಿ ಫೋರ್ಮನ್ ಅವನನ್ನು ಆರು ಸಲ ಕೆಳಗೆ ಬೀಳಿಸಿದ. ಆರು ಸಲ! ಅದರಲ್ಲಿ ಒಂದು ಗುದ್ದಿಗೆ ಫ್ರೇಜಿಯರ್‌ನ ಎರಡೂ ಕಾಲು ನೆಲ ಬಿಟ್ಟವು. ವಿಡಿಯೋ ಇದೆ, ನೋಡಿ. ಆದರೆ ಊಟ ಆದ ತಕ್ಷಣ ನೋಡಬೇಡಿ.

ಮುಂದಿನ ವರ್ಷ ಕೆನ್ ನಾರ್ಟನ್. ಅವನೂ ಅಲಿಯನ್ನು ಸೋಲಿಸಿದ್ದವನೇ. ಅವನಿಗೂ ಎರಡೇ ರೌಂಡ್. ಹೀಗೆ 1974ರ ಹೊತ್ತಿಗೆ ಫೋರ್ಮನ್ ಲೆಕ್ಕ 40 ಪಂದ್ಯ, 40 ಗೆಲುವು, 37 ನಾಕೌಟ್. ಜನ ಅವನಿಗೆ ಹೆದರುತ್ತಿದ್ದರು. ಆ ಹೆದರಿಕೆ ಅವನಿಗೆ ಇಷ್ಟವೂ ಆಗುತ್ತಿತ್ತು.

ಇನ್ನು ಕಿನ್ಶಾಸಾ, ಅಲಿ ಜೊತೆಗಿನ ಆ ಪಂದ್ಯ. ಈ ಕಥೆ ನಿಮಗೆ ಗೊತ್ತು, ಹಾಗಾಗಿ ಬೇಗ ಮುಗಿಸುತ್ತೇನೆ. 1974ರ ಅಕ್ಟೋಬರ್ 30, ಆಫ್ರಿಕಾದ ಜಾಯಿರ್, ಈಗಿನ ಕಾಂಗೋ. ಇಬ್ಬರಿಗೂ ತಲಾ 50 ಲಕ್ಷ ಡಾಲರ್. ಸರ್ವಾಧಿಕಾರಿ ಮೊಬುಟು ತನ್ನ ಹೆಸರು ಮೆರೆಸಲು ದೇಶದ ದುಡ್ಡು ಸುರಿದ. ಅಮೆರಿಕದ ಟಿವಿಗೆ ಹೊಂದಲಿ ಅಂತ ಬೆಳಗಿನ ಜಾವ ನಾಲ್ಕಕ್ಕೆ ಪಂದ್ಯ. ಫೋರ್ಮನ್‌ಗೆ 25, ಅಲಿಗೆ 32. ಅಲಿ ಹಗ್ಗಕ್ಕೆ ಒರಗಿ, ಮುಖಕ್ಕೆ ಕೈ ಅಡ್ಡ ಹಿಡಿದು, ಹೊಡಿ ಹೊಡಿ ಅಂತ ಕೆಣಕುತ್ತಾ ನಿಂತ. ಇವನು ಸೆಕೆಯಲ್ಲಿ ಹೊಡೆದೂ ಹೊಡೆದೂ ಸುಸ್ತಾದ. ಎಂಟನೇ ರೌಂಡ್‌ನಲ್ಲಿ ಅಲಿ ಐದಾರು ಗುದ್ದು ಬಿಟ್ಟ, ಫೋರ್ಮನ್ ಗಿರಕಿ ಹೊಡೆದು ಬಿದ್ದ.

ಒಂದು ವಿಷಯ ಮಾತ್ರ ಸೇರಿಸುತ್ತೇನೆ. ಅಲಿ ಬುದ್ಧಿವಂತ, ಫೋರ್ಮನ್ ದಡ್ಡ ಅಂತ ಈ ಕಥೆಯನ್ನು ಹೇಳುವವರಿದ್ದಾರೆ. ಆ ಗುದ್ದುಗಳು ಅಲಿಯ ಪಕ್ಕೆಗೆ, ತೋಳಿಗೆ, ತಲೆಗೆ ಬಿದ್ದವು. ಗೆದ್ದವನೂ ಬೆಲೆ ತೆತ್ತ. ಅದರ ಬಿಲ್ ಬಂದದ್ದು ತಡವಾಗಿ, ಅಷ್ಟೇ.

ಸೋತ ಫೋರ್ಮನ್ ಮೊದಲು ಮಾಡಿದ್ದು ನಾವೆಲ್ಲ ಮಾಡುವುದನ್ನೇ. ನೆಪ ಹುಡುಕಿದ. ಹಗ್ಗ ಸಡಿಲವಾಗಿತ್ತು, ಕುಡಿಯೋ ನೀರಿನಲ್ಲಿ ಏನೋ ಬೆರೆಸಿದ್ದರು, ರೆಫರಿ ಬೇಗ ಬೇಗ ಎಣಿಸಿದ. ವರ್ಷಗಟ್ಟಲೆ ಹೀಗೇ. 1975ರಲ್ಲಿ ಟೊರೊಂಟೊದಲ್ಲಿ ಒಂದೇ ಸಂಜೆ ಐದು ಜನರ ಜೊತೆ ಒಬ್ಬರಾದ ಮೇಲೊಬ್ಬರಂತೆ ಆಡಿ ತೋರಿಸಿದ. ಅದು ಪಂದ್ಯಕ್ಕಿಂತ ಜಾತ್ರೆ ಆಟ ಆಯಿತು. ಅಲಿಯೇ ರಿಂಗ್ ಪಕ್ಕ ಕೂತು ಗೇಲಿ ಮಾಡಿದ. 1976ರಲ್ಲಿ ರಾನ್ ಲೈಲ್ ಜೊತೆ ಒಂದು ಭಯಂಕರ ಪಂದ್ಯ. ಎರಡು ಸಲ ಇವನು ಬಿದ್ದ, ಎದ್ದ, ಕೊನೆಗೆ ಐದನೇ ರೌಂಡ್‌ನಲ್ಲಿ ಗೆದ್ದ. ಅಲಿ ಜೊತೆ ಇನ್ನೊಂದು ಪಂದ್ಯ ಬೇಕು ಅನ್ನೋದೇ ಅವನ ಜಪ. ಅಲಿ ಕೊಡಲಿಲ್ಲ.

1977ರ ಮಾರ್ಚ್ 17, ಪೋರ್ಟರಿಕೋದ ಸಾನ್ ಹುವಾನ್. ಎದುರಾಳಿ ಜಿಮ್ಮಿ ಯಂಗ್. ಗುದ್ದುವುದಕ್ಕಿಂತ ತಪ್ಪಿಸಿಕೊಳ್ಳುವುದರಲ್ಲಿ ಜಾಣ. ಭಯಂಕರ ಸೆಕೆ. 12 ರೌಂಡ್ ಪೂರ್ತಿ ನಡೆಯಿತು. ಕೊನೆಯ ರೌಂಡ್‌ನಲ್ಲಿ ಫೋರ್ಮನ್ ಬಿದ್ದೂ ಬಿಟ್ಟ. ಪಾಯಿಂಟ್ ಮೇಲೆ ಸೋತ.

ಡ್ರೆಸ್ಸಿಂಗ್ ರೂಮಿಗೆ ಬಂದವನಿಗೆ ಮೈಯೆಲ್ಲ ಕಾದ ಹಾಗೆ, ಜೀವ ಹೋಗುತ್ತಿರುವ ಹಾಗೆ ಆಯಿತು. ಕತ್ತಲೆಯಲ್ಲಿ ಮುಳುಗಿದೆ, ದೇವರ ಕೈ ಹಿಡಿದೆತ್ತಿತು ಅಂತ ಅವನು ಕೊನೆವರೆಗೂ ಹೇಳುತ್ತಿದ್ದ. ಸೆಕೆಗೆ ಮೈನೀರು ಬತ್ತಿ ಹಾಗಾಗಿರಬೇಕು ಅಂತ ಬೇರೆಯವರು ಹೇಳಿದರು. ನಾನು ಈ ಚರ್ಚೆಗೆ ಹೋಗಲ್ಲ. ಅವನು ಅದರಿಂದ ಏನು ಮಾಡಿದ ಅನ್ನೋದು ಮಾತ್ರ ದಾಖಲೆಯಲ್ಲಿದೆ. ಬಾಕ್ಸಿಂಗ್ ಬಿಟ್ಟ. 28 ವರ್ಷ ವಯಸ್ಸು. ಮೈಯಲ್ಲಿ ಕಸುವಿತ್ತು, ಮುಂದಿನ ಪಂದ್ಯಕ್ಕೆ ದುಡ್ಡು ಕೊಡೋಕೆ ಜನರಿದ್ದರು. ಆದರೂ ಬಿಟ್ಟ. ಹ್ಯೂಸ್ಟನ್‌ಗೆ ಹೋಗಿ ಬೀದಿ ಮೂಲೆಯಲ್ಲಿ ನಿಂತು ದೇವರ ವಾಕ್ಯ ಸಾರುವುದಕ್ಕೆ ಶುರುಮಾಡಿದ. ಆಮೇಲೆ ಒಂದು ಪುಟ್ಟ ಚರ್ಚ್ ಮಾಡಿಕೊಂಡ. 1984ರಲ್ಲಿ ಅದರ ಜೊತೆಗೆ ಹುಡುಗರಿಗಾಗಿ ಒಂದು ಕೇಂದ್ರ ತೆರೆದ. ಬಾಸ್ಕೆಟ್‌ಬಾಲ್, ವ್ಯಾಯಾಮ, ಬಾಕ್ಸಿಂಗ್ ರಿಂಗ್, ಬೀದಿ ಹುಡುಗರು ಬಂದು ಕೂರೋಕೆ ಒಂದು ಜಾಗ.

ಕೆಜಿಎಫ್‌ನಿಂದ ಬಂದ ಹಿರಿಯರು ಮುಂದಿನ ಸಾಲಿನಲ್ಲಿ ಕೂತಿದ್ದೀರಿ. 2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು. ಮೂರು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಇಳಿದು ಕೆಲಸ ಮಾಡಿ ಗೊತ್ತಿದ್ದವರು, ಆ ವಿದ್ಯೆಗೆ ನೆಲದ ಮೇಲೆ ಏನು ಬೆಲೆ ಅಂತ ನೋಡಬೇಕಾಯಿತು. ನಿಮ್ಮ ಮನೆ ಮಕ್ಕಳು ಇವತ್ತಿಗೂ ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರುತ್ತಿದ್ದಾರೆ. ನಿಮಗೆ ಬಿಡಿ ಅಂತ ಬೇರೆಯವರು ಹೇಳಿದರು. ಫೋರ್ಮನ್ ತಾನಾಗಿ ಬಿಟ್ಟ. ಆ ವ್ಯತ್ಯಾಸ ದೊಡ್ಡದು, ಅದನ್ನು ಮರೆಮಾಚುವುದಿಲ್ಲ. ಆದರೆ ಬಿಟ್ಟ ಮಾರನೇ ದಿನ ಈ ತೋಳುಗಳಿಂದ ಇನ್ನೇನು ಮಾಡಲಿ ಅನ್ನೋ ಪ್ರಶ್ನೆ ಇಬ್ಬರಿಗೂ ಒಂದೇ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಫೋರ್ಮನ್ ರಿಂಗ್‌ನಿಂದ ಹೊರಗಿದ್ದ ಕಾಲ 1977ರಿಂದ 1987. ಅದೇ ಕಾಲದಲ್ಲಿ ಅಲಿ ಏನು ಮಾಡುತ್ತಿದ್ದ ನೋಡಿ. 1977ರ ಸೆಪ್ಟೆಂಬರ್‌ನಲ್ಲಿ ಅರ್ನಿ ಶೇವರ್ಸ್ ಜೊತೆ 15 ರೌಂಡ್. ಶೇವರ್ಸ್ ಅಂದರೆ ಆ ಕಾಲದ ಅತಿ ಭಾರದ ಗುದ್ದು. ಆ ಪಂದ್ಯದ ನಂತರ ಅಲಿಯ ವೈದ್ಯ ಫರ್ಡಿ ಪಚೆಕೊ, ಇನ್ನು ಆಡಬೇಡ ಎಂದು ಹೇಳಿ, ಮಾತು ಕೇಳದಿದ್ದಾಗ ತಂಡ ಬಿಟ್ಟು ಹೋದರು. 1978ರಲ್ಲಿ ಲಿಯಾನ್ ಸ್ಪಿಂಕ್ಸ್ ಜೊತೆ ಎರಡು ಪಂದ್ಯ, ಎರಡೂ 15 ರೌಂಡ್. 1980ರಲ್ಲಿ ಲ್ಯಾರಿ ಹೋಮ್ಸ್. ಆ ಪಂದ್ಯವನ್ನು ನೋಡೋಕೇ ಆಗಲ್ಲ. 1981ರ ಡಿಸೆಂಬರ್‌ನಲ್ಲಿ ಟ್ರೆವರ್ ಬರ್ಬಿಕ್. 1984ರಲ್ಲಿ ಪಾರ್ಕಿನ್ಸನ್ಸ್, ಅಂದರೆ ಕೈಕಾಲು ನಡುಗಿ ಮಾತು ಕಟ್ಟಿಹೋಗುವ ನರರೋಗ, ಅಂತ ವೈದ್ಯರು ಹೇಳಿದರು. ಆಗ ಅಲಿಗೆ 42.

ಈ ಎಲ್ಲಾ ವರ್ಷ ಫೋರ್ಮನ್ ತಲೆಗೆ ಒಂದು ಗುದ್ದೂ ಬೀಳಲಿಲ್ಲ. ಅವನು ಬೈಬಲ್ ಓದುತ್ತಿದ್ದ, ಮದುವೆ ಮಾಡಿಸುತ್ತಿದ್ದ, ಆಸ್ಪತ್ರೆಗೆ ಹೋಗಿ ರೋಗಿಗಳ ಹತ್ತಿರ ಕೂರುತ್ತಿದ್ದ, ಚೆನ್ನಾಗಿ ತಿಂದು ದಪ್ಪ ಆಗುತ್ತಿದ್ದ. ನಮ್ಮ ಕಡೆ ಹೊಲವನ್ನು ಬೀಳು ಬಿಡುತ್ತಾರಲ್ಲ, ಹಾಗೆ ಬಿದ್ದಿತ್ತು ಆ ದೇಹ. 45ರಲ್ಲಿ ಗೆದ್ದದ್ದರ ಗುಟ್ಟು ಛಲ, ದೇವರು, ಆತ್ಮವಿಶ್ವಾಸ ಅಂತ ಭಾಷಣಕಾರರು ಹೇಳುತ್ತಾರೆ. ನನ್ನ ಕೇಳಿದರೆ 28ರಲ್ಲಿ ಬಿಟ್ಟದ್ದೇ ಗುಟ್ಟು. ಇದು ಡಾಕ್ಟರ್ ಮಾತಲ್ಲ, ನನ್ನ ಲೆಕ್ಕ. ಆದರೆ ಲೆಕ್ಕ ಕೂಡುತ್ತದೆ ಅಲ್ವಾ?

ವಾಪಸ್ ಬಂದದ್ದು ಯಾಕೆ ಅಂದರೆ ದುಡ್ಡಿಗೆ. ಅದನ್ನು ಅವನು ಮುಚ್ಚಿಟ್ಟಿರಲಿಲ್ಲ. ಹುಡುಗರ ಕೇಂದ್ರಕ್ಕೆ ಕೈಯಲ್ಲಿದ್ದ ಹಣ ಕರಗಿತ್ತು. ಒಂದು ಧಾರ್ಮಿಕ ಸಭೆಯಲ್ಲಿ ಇವನ ಕೇಂದ್ರಕ್ಕಾಗಿ ಅಲ್ಲಿದ್ದವರ ಹತ್ತಿರ ಕಾಣಿಕೆ ಕೇಳಿದರು. ಜನ ಜೇಬಿಗೆ ಕೈಹಾಕುವುದನ್ನು ನೋಡುತ್ತಾ ಕೂತಿದ್ದವನಿಗೆ ಸಿಕ್ಕಾಪಟ್ಟೆ ಅವಮಾನ ಆಯಿತು. ಬೇಡುವುದಕ್ಕಿಂತ ದುಡಿಯೋಣ, ನನಗೆ ಗೊತ್ತಿರುವ ಕೆಲಸ ಒಂದೇ, ಅಂದುಕೊಂಡ.

1987ರ ಮಾರ್ಚ್, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ. 38 ವರ್ಷದ, ತಲೆ ನುಣ್ಣಗೆ ಬೋಳಿಸಿಕೊಂಡ, ಸುಮಾರು 121 ಕೆ.ಜಿ. ತೂಕದ ಮನುಷ್ಯ ರಿಂಗ್ ಹತ್ತಿದ. ಕಿನ್ಶಾಸಾದಲ್ಲಿ ಅವನು ಇದ್ದದ್ದು 100 ಕೆ.ಜಿ. ಹತ್ತಿರ. ಜನ ನಕ್ಕರು. ಈ ಸಲ ಅವನೂ ಅವರ ಜೊತೆ ನಕ್ಕ. ತನ್ನ ಹೊಟ್ಟೆ ಬಗ್ಗೆ, ಬರ್ಗರ್ ಚಪಲದ ಬಗ್ಗೆ ತಾನೇ ಜೋಕ್ ಹೊಡೆದ. ಒಂದು ಕಾಲದಲ್ಲಿ ಗುರ್ ಅನ್ನುತ್ತಿದ್ದವನು ಇವನೇನಾ ಅಂತ ಪತ್ರಕರ್ತರು ಕಣ್ಣುಜ್ಜಿಕೊಂಡರು.

ಆಟವೂ ಬೇರೆ ಆಗಿತ್ತು. ಇಲ್ಲಿ ತರಬೇತಿ ಮಾಡುತ್ತಿರುವ ಹುಡುಗರು ಸ್ವಲ್ಪ ಗಮನ ಕೊಡಿ. ಹಳೆಯ ಫೋರ್ಮನ್ ಪ್ರತಿ ಗುದ್ದನ್ನೂ ಕೊನೆಯ ಗುದ್ದು ಅನ್ನುವ ಹಾಗೆ ಬೀಸುತ್ತಿದ್ದ, ಐದನೇ ರೌಂಡ್ ಹೊತ್ತಿಗೆ ಏದುಸಿರು. ಹೊಸ ಫೋರ್ಮನ್ ನಿಧಾನ. ಎರಡೂ ತೋಳನ್ನು ಮುಖದ ಮುಂದೆ ಅಡ್ಡಡ್ಡ ಹಿಡಿದು ಮುಂದಕ್ಕೆ ನಡೆಯುತ್ತಿದ್ದ. ಎಡಗೈಯ ನೇರ ಗುದ್ದು, ಅಂದರೆ ಜ್ಯಾಬ್, ಅದೇ ಅವನ ಬಂಡವಾಳ. ಒಂದು, ಎರಡು, ಮೂರು, ಅವಸರ ಇಲ್ಲ. ಉಸಿರಾಟ ಕೈತಪ್ಪಲು ಬಿಡುತ್ತಿರಲಿಲ್ಲ. ಒಂದು ತಮಾಷೆ ಅಂದರೆ ರೌಂಡ್ ನಡುವಿನ ಒಂದು ನಿಮಿಷ ಸ್ಟೂಲ್ ಮೇಲೆ ಕೂರುತ್ತಲೇ ಇರಲಿಲ್ಲ, ಮೂಲೆಯಲ್ಲಿ ನಿಂತೇ ಇರುತ್ತಿದ್ದ. ಎದುರಾಳಿ ಕೂತು ಏದುಸಿರು ಬಿಡುತ್ತಾ ತಲೆ ಎತ್ತಿದರೆ, ಈ ಮುದುಕ ನಿಂತು ನೋಡುತ್ತಿದ್ದಾನೆ! ಅದು ಮನಸ್ಸಿನ ಮೇಲೆ ಏನು ಮಾಡುತ್ತದೆ ಅಂತ ಯೋಚಿಸಿ.

ಮೊದಲೆರಡು ವರ್ಷ ಎದುರಾಳಿಗಳು ಲೆಕ್ಕಕ್ಕಿಲ್ಲದವರು, ಅದನ್ನು ಒಪ್ಪಬೇಕು. 1990ರ ಜನವರಿಯಲ್ಲಿ ಗೆರಿ ಕೂನಿಯನ್ನು ಎರಡನೇ ರೌಂಡ್‌ನಲ್ಲಿ ಮಲಗಿಸಿದಾಗ ಜನ ನಗು ನಿಲ್ಲಿಸಿದರು. 1991ರ ಏಪ್ರಿಲ್ 19ರಂದು ಚಾಂಪಿಯನ್ ಇವಾಂಡರ್ ಹೋಲಿಫೀಲ್ಡ್ ಜೊತೆ 12 ರೌಂಡ್ ಪೂರ್ತಿ ನಿಂತ. ಸೋತ, ಆದರೆ 42ರ ವಯಸ್ಸಿಗೆ ಎದ್ದು ನಿಂತೇ ಸೋತ. 1993ರಲ್ಲಿ ಟಾಮಿ ಮಾರಿಸನ್ ಜೊತೆ ಮತ್ತೆ ಸೋಲು. ಮುಗಿಯಿತು ಅಂದರು.

1994ರ ನವೆಂಬರ್ 5, ಲಾಸ್ ವೇಗಸ್. ಚಾಂಪಿಯನ್ ಮೈಕೆಲ್ ಮೂರರ್. 26 ವರ್ಷ, ಎಡಚ, 35 ಪಂದ್ಯದಲ್ಲಿ ಒಂದೂ ಸೋತಿಲ್ಲ. ವಿಶ್ವ ಚಾಂಪಿಯನ್ ಪಟ್ಟ ಕೊಡುವ ಡಬ್ಲ್ಯುಬಿಎ ಸಂಸ್ಥೆ ಈ ಪಂದ್ಯಕ್ಕೆ ಒಪ್ಪಿಗೆ ಕೊಡಲಿಲ್ಲ, ಫೋರ್ಮನ್ ಕೋರ್ಟಿಗೆ ಹೋಗಿ ಹಕ್ಕು ಗೆದ್ದುಕೊಂಡು ಬಂದ. ಹಾಕಿಕೊಂಡಿದ್ದು ಕಿನ್ಶಾಸಾದಲ್ಲಿ ಅಲಿ ಎದುರು ಹಾಕಿದ್ದ ಅದೇ ಕೆಂಪು ಚಡ್ಡಿ. ಮೂಲೆಯಲ್ಲಿ ನಿಂತವರು ಏಂಜೆಲೊ ಡಂಡಿ. ಯಾರು ಗೊತ್ತಾ? ಕಿನ್ಶಾಸಾದಲ್ಲಿ ಅಲಿಯ ಮೂಲೆಯಲ್ಲಿದ್ದ ಅದೇ ತರಬೇತುದಾರ! ಸಿನಿಮಾದಲ್ಲಿ ಹೀಗೆ ಮಾಡಿದರೆ ಅತಿಯಾಯ್ತು ಅನ್ನುತ್ತೇವೆ.

ಒಂಬತ್ತು ರೌಂಡ್ ಮೂರರ್‌ನದೇ. ಬಲಗೈ ಜ್ಯಾಬ್ ಹಾಕುತ್ತಾನೆ, ಮುದುಕನ ಮುಖಕ್ಕೆ ತಾಗುತ್ತದೆ, ಎಡಗೈ ಬಿಡುತ್ತಾನೆ, ಅದೂ ತಾಗುತ್ತದೆ. ಫೋರ್ಮನ್ ಕಣ್ಣ ಸುತ್ತ ಊದಿಕೊಂಡಿತು. ಮೂವರು ತೀರ್ಪುಗಾರರ ಕಾರ್ಡಿನಲ್ಲೂ ಅವನು ಹಿಂದೆ. ನೇರ ಎದುರಿಗೆ ನಿಲ್ಲಬೇಡ, ಪಕ್ಕಕ್ಕೆ ಸರಿ ಅಂತ ಮೂರರ್‌ನ ತರಬೇತುದಾರ ಟೆಡ್ಡಿ ಅಟ್ಲಾಸ್ ಎಚ್ಚರಿಸುತ್ತಲೇ ಇದ್ದ. ಗೆಲ್ಲುತ್ತಿರುವವನಿಗೆ ಬುದ್ಧಿ ಹೇಳಿದರೆ ಕೇಳಿಸುತ್ತಾ? ಹತ್ತನೇ ರೌಂಡ್‌ನಲ್ಲಿ ಮೂರರ್ ನೇರ ಎದುರಿಗೇ ನಿಂತ. ಫೋರ್ಮನ್ ಎಡಗೈ ಚಾಚಿದ, ಅದರ ಹಿಂದೆಯೇ ಬಲಗೈ. ಅದು ಹಣೆಗೆ ತಾಗಿತು. ಇನ್ನೊಂದು ಸಲ ಅದೇ ಎಡ, ಅದೇ ಬಲ. ಈ ಸಲ ಬಲಗೈ ಒಂದು ಗೇಣು ಕೆಳಗೆ ಇಳಿಯಿತು, ಗದ್ದಕ್ಕೆ. ಬೀಸಿದ ಗುದ್ದಲ್ಲ, ಹತ್ತಿರದಿಂದ ನೂಕಿದ ಹಾಗಿತ್ತು. ಮೂರರ್ ಅಂಗಾತ ಬಿದ್ದ. ರೆಫರಿ ಜೋ ಕಾರ್ಟೆಜ್ ಹತ್ತು ಎಣಿಸಿ ಮುಗಿಸಿದರೂ ಏಳಲಿಲ್ಲ. ಫೋರ್ಮನ್ ಮೂಲೆಗೆ ಹೋಗಿ ಮಂಡಿಯೂರಿ ಪ್ರಾರ್ಥನೆ ಮಾಡಿದ. ಅಲಿಗೆ ಸೋತು ಇಪ್ಪತ್ತು ವರ್ಷ ಆಗಿತ್ತು. ಹೆವಿವೇಟ್‌ನಲ್ಲಿ ಅಷ್ಟು ವಯಸ್ಸಾದ ಚಾಂಪಿಯನ್ ಅವನಿಗಿಂತ ಮುಂಚೆ ಇರಲಿಲ್ಲ, ಆಮೇಲೂ ಬಂದಿಲ್ಲ.

ದುಡ್ಡಿನ ವಿಷಯ ಚುಟುಕಾಗಿ. ಅದೇ ವರ್ಷ ಅವನ ಹೆಸರಿನ ಗ್ರಿಲ್ ಮಾರುಕಟ್ಟೆಗೆ ಬಂತು. ನಮ್ಮ ಮನೆಗಳ ಸ್ಯಾಂಡ್‌ವಿಚ್ ಮೇಕರ್ ಥರದ್ದು, ಇಳಿಜಾರಾಗಿರುತ್ತದೆ, ಮಾಂಸದ ಕೊಬ್ಬು ಕೆಳಗಿನ ತಟ್ಟೆಗೆ ಇಳಿಯುತ್ತದೆ. 10 ಕೋಟಿಗೂ ಹೆಚ್ಚು ಮಾರಾಟವಾಯಿತು. 1999ರಲ್ಲಿ ಸಾಲ್ಟನ್ ಕಂಪನಿ ಅವನ ಹೆಸರು ಬಳಸುವ ಹಕ್ಕಿಗೆ ಸುಮಾರು 13.75 ಕೋಟಿ ಡಾಲರ್ ಕೊಟ್ಟಿತು. ಗುದ್ದಿ ಗಳಿಸಿದ್ದಕ್ಕಿಂತ ಗ್ರಿಲ್‌ನಲ್ಲಿ ಗಳಿಸಿದ್ದೇ ಜಾಸ್ತಿ. ಟಿವಿಯಲ್ಲಿ ಬಾಕ್ಸಿಂಗ್ ವೀಕ್ಷಕ ವಿವರಣೆಯನ್ನೂ ವರ್ಷಗಟ್ಟಲೆ ಮಾಡಿದ. ಅಂದರೆ ರಿಂಗ್ ಬಿಟ್ಟ ಮೇಲೆ ಅವನ ಹೊಟ್ಟೆಪಾಡೆಲ್ಲ ಬಾಯಿಮಾತಿನ ಮೇಲೇ ನಡೆಯಿತು. ಅಲಿಯ ಬಾಯಿ ಕಟ್ಟಿಹೋದ ವರ್ಷಗಳಲ್ಲಿ ಫೋರ್ಮನ್ ಪಟಪಟ ಮಾತಾಡಿ ಗ್ರಿಲ್ ಮಾರುತ್ತಿದ್ದ. ಒಂದು ಕಾಲದಲ್ಲಿ ಇದು ತಿರುಗುಮುರುಗು ಇತ್ತು.

ಅಷ್ಟೊತ್ತಿಗೆ ಇಬ್ಬರೂ ಸ್ನೇಹಿತರಾಗಿದ್ದರು. ಕಿನ್ಶಾಸಾ ಪಂದ್ಯದ ಸಾಕ್ಷ್ಯಚಿತ್ರಕ್ಕೆ 1997ರಲ್ಲಿ ಆಸ್ಕರ್ ಬಂತು. ಇಬ್ಬರೂ ವೇದಿಕೆಗೆ ಹೋದರು. ಅಲಿಗೆ ಮೆಟ್ಟಿಲು ಹತ್ತುವುದು ಕಷ್ಟ. ಕೈ ಕೊಟ್ಟು ಹತ್ತಿಸಿದವನು ಫೋರ್ಮನ್.

ನಾನು ಹೇಳಬೇಕಿದ್ದದ್ದು ಇಷ್ಟೇ. ಈಗ ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದ್ದು: ಐದು ಗಂಡುಮಕ್ಕಳಿಗೂ ಜಾರ್ಜ್ ಅಂತಲೇ ಹೆಸರಿಟ್ಟಿದ್ದು ನಿಜವಾ ಸರ್?

ನಿಜ ಕಣಮ್ಮ. ಐವರೂ ಜಾರ್ಜ್. ಮನೆಯಲ್ಲಿ ಕರೆಯೋಕೆ ಬೇರೆ ಬೇರೆ ಅಡ್ಡಹೆಸರು ಇದ್ದವು. ಯಾಕೆ ಹೀಗೆ ಅಂತ ಕೇಳಿದರೆ, ಅಲಿ, ಫ್ರೇಜಿಯರ್, ನಾರ್ಟನ್ ಎಲ್ಲರ ಕೈಯಲ್ಲೂ ತಲೆಗೆ ಏಟು ತಿಂದವನಿಗೆ ಎಷ್ಟು ಹೆಸರು ನೆನಪಿರುತ್ತೆ ಹೇಳಿ ಅನ್ನುತ್ತಿದ್ದ. ಗಂಭೀರವಾಗಿ ಕೇಳಿದಾಗ ಬೇರೆ ಉತ್ತರ. ತನ್ನನ್ನು ಹುಟ್ಟಿಸಿದ ಅಪ್ಪ ಯಾರು ಅಂತ ಅವನಿಗೆ ಗೊತ್ತಾದದ್ದು ದೊಡ್ಡವನಾದ ಮೇಲೆ. ತನ್ನ ಮಕ್ಕಳಿಗೆ ಆ ಗೊಂದಲವೇ ಬೇಡ ಅಂದುಕೊಂಡ.

ಪೊಲೀಸ್ ಭರ್ತಿಗೆ ತಯಾರಿ ಮಾಡುತ್ತಿರುವ ಯುವಕನ ಪ್ರಶ್ನೆ: ನನಗೆ 27, ಬಾಕ್ಸಿಂಗ್ ಈಗ ಶುರುಮಾಡಬಹುದಾ? ಫೋರ್ಮನ್ 45ರಲ್ಲಿ ಗೆದ್ದನಲ್ಲ.

ವ್ಯಾಯಾಮಕ್ಕೆ ಧಾರಾಳವಾಗಿ ಶುರುಮಾಡಪ್ಪ. ಹಗ್ಗ ಹಾರು, ಬ್ಯಾಗ್‌ಗೆ ಹೊಡಿ, ಅಂತರಗಂಗೆ ಮೆಟ್ಟಿಲು ಹತ್ತು. ತಲೆಗೆ ಏಟು ತಿನ್ನುವ ಆಟಕ್ಕೆ ಮಾತ್ರ ಫೋರ್ಮನ್ ಹೆಸರು ಹೇಳಿಕೊಂಡು ಇಳಿಯಬೇಡ. ಅದೇ ಕಾಲದ ಜೆರಿ ಕ್ವಾರಿ ಕೂಡ ಹೆಸರಾಂತ ಹೆವಿವೇಟ್. ಅವನೂ 47ರಲ್ಲಿ ವಾಪಸ್ ಬಂದ. ಏಟು ತಿಂದು ತಿಂದು ಮೆದುಳು ಹಾಳಾಗಿ, ತಾನೇ ಬಟ್ಟೆ ಹಾಕಿಕೊಳ್ಳಲಾಗದ ಸ್ಥಿತಿ ಬಂದು 53ಕ್ಕೇ ಹೋದ. ಅವನ ಹೆಸರು ಹೇಳಿ ಯಾರೂ ಸ್ಫೂರ್ತಿ ಭಾಷಣ ಮಾಡಲ್ಲ.

ಕೆಜಿಎಫ್‌ನ ಹಿರಿಯರೊಬ್ಬರು: ಕೊನೆ ಪಂದ್ಯದಲ್ಲಿ ಅವನಿಗೆ ಮೋಸ ಆಯಿತು ಅನ್ನುತ್ತಾರಲ್ಲ?

1997ರ ನವೆಂಬರ್ 22, ಶಾನನ್ ಬ್ರಿಗ್ಸ್ ಜೊತೆ. ಫೋರ್ಮನ್‌ಗೆ ಆಗ ಹತ್ತಿರ ಹತ್ತಿರ 49. ಮೂವರಲ್ಲಿ ಒಬ್ಬ ತೀರ್ಪುಗಾರ ಸಮ ಎಂದರು, ಇಬ್ಬರು ಬ್ರಿಗ್ಸ್ ಕಡೆ ಕೊಟ್ಟರು. ಸಭಾಂಗಣದಲ್ಲಿದ್ದವರು ಕೂಗಾಡಿದರು. ನನ್ನ ಕಣ್ಣಿಗೂ ಫೋರ್ಮನ್ ಗೆದ್ದಿದ್ದ ಯಜಮಾನರೇ. ಆದರೆ 1995ರಲ್ಲಿ ಆಕ್ಸೆಲ್ ಶುಲ್ಜ್ ಎಂಬ ಜರ್ಮನ್ ಹುಡುಗನ ಎದುರು ಸೋಲಬೇಕಿದ್ದ ಪಂದ್ಯವನ್ನು ಇದೇ ತೀರ್ಪುಗಾರಿಕೆ ಫೋರ್ಮನ್‌ಗೆ ಕೊಟ್ಟಿತ್ತು. ಅಲ್ಲಿ ಬಂದದ್ದು ಇಲ್ಲಿ ಹೋಯಿತು. ಅವನು ದೊಡ್ಡ ಗಲಾಟೆಯನ್ನೇನೂ ಮಾಡಲಿಲ್ಲ. ಆದರೆ ಆಸೆ ಪೂರ್ತಿ ಸತ್ತಿರಲಿಲ್ಲ. 55ರಲ್ಲಿ ಇನ್ನೊಂದು ಪಂದ್ಯ ಆಡ್ತೀನಿ ಅಂತ ಹೊರಟ. ಹೆಂಡತಿ ಖಂಡಿತ ಬೇಡ ಅಂದರು. ಡಾಕ್ಟರು, ಪತ್ರಕರ್ತರು, ಸಂಸ್ಥೆಗಳು ಯಾರು ಹೇಳಿದರೂ ಕೇಳದವನು ಆ ಮಾತು ಕೇಳಿದ.